ತೊಟ್ಟಿ ಮನೆಯ ಸಂಗ್ರಹಾಲಯಕ್ಕೆ ಎಸಿ ಬೇಕೇ? ದಾನಿ ಸಿದ್ಧ, ಸಮಿತಿ ಇಬ್ಭಾಗ

ತೊಟ್ಟಿಮನೆ

ನಮ್ಮದು ಮಲೆನಾಡಿನ ಅಂಚಿನ ಊರು. ನೂರು ವರ್ಷ ದಾಟಿದ ತೊಟ್ಟಿ ಮನೆಯೊಂದನ್ನು ಮನೆತನದವರು ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದಾರೆ. ಅದರಲ್ಲೇ ಸಣ್ಣ ಸಂಗ್ರಹಾಲಯ ನಡೆಸುತ್ತಿದ್ದೇವೆ. ತಾಳೆಗರಿ ಕಟ್ಟುಗಳು, ಕಡತಗಳು (ಅಂಟು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ಮೈಸೂರು ಶೈಲಿಯ ನಾಲ್ಕು ಚಿತ್ರ, ಕಂಚಿನ ಮೂರ್ತಿಗಳು, ಯಕ್ಷಗಾನದ ಕಿರೀಟ, ಭುಜಕೀರ್ತಿ, ಹಳೇ ಫೋಟೋ ನೆಗೆಟಿವ್ ಡಬ್ಬಗಳು, ಭತ್ತ ತುಂಬುವ ಮರದ ಪತ್ತಾಯ, ತೊಟ್ಟಿಲು, ಸೇರು ಪಾವು ಎಲ್ಲ ಇವೆ.

ಮಳೆಗಾಲ ಹಿಡಿಯಿತೆಂದರೆ ಒಳಗಿನ ಮೀಟರು ಆರ್ದ್ರತೆ ಶೇ. 85 ತೋರಿಸುತ್ತದೆ, ಇಳಿಯುವ ಮಾತೇ ಇಲ್ಲ. ಚಿತ್ರಗಳ ಹಿಂಬದಿ ಬೂಷ್ಟು. ಕಡತದ ಮಡಿಕೆಗಳು ಒಂದಕ್ಕೊಂದು ಅಂಟುತ್ತಿವೆ. ಈಗ ಊರಿನ ಒಬ್ಬ ದಾನಿಗಳು ಒಂದೂವರೆ ಟನ್ನಿನ ಆರು ಎಸಿ ಕೊಡಿಸುತ್ತೇನೆ ಎಂದಿದ್ದಾರೆ. ಒಂದೇ ಷರತ್ತು, ಹೆಸರಿನ ಫಲಕ ಎದ್ದು ಕಾಣಬೇಕು. ಸಮಿತಿಯಲ್ಲಿ ಅರ್ಧ ಜನ "ಕೊಟ್ಟದ್ದನ್ನು ಬಿಡಬೇಡಿ" ಎನ್ನುತ್ತಾರೆ, ಉಳಿದರ್ಧ "ಕರೆಂಟ್ ಬಿಲ್ ಯಾರಪ್ಪ ಕಟ್ಟುವುದು" ಎನ್ನುತ್ತಾರೆ. ಬಿಲ್ಲಿನ ಮಾತು ಹಾಗಿರಲಿ, ಎಸಿಯಿಂದ ವಸ್ತುಗಳಿಗೆ ಒಳ್ಳೆಯದಾಗುತ್ತದೆಯೇ? ಅನುಭವ ಇದ್ದವರು ಹೇಳಿ.

ನಿವೃತ್ತ ಎಲೆಕ್ಟ್ರಿಕಲ್

ಹಾಕಿಸಿ. ದೊಡ್ಡ ಮ್ಯೂಸಿಯಂಗಳೆಲ್ಲ ಹಾಕಿಸಿಕೊಂಡಿಲ್ಲವೇ? ಹಗಲು ಹತ್ತರಿಂದ ಐದರವರೆಗೆ ಓಡಿಸಿ, ಆಮೇಲೆ ಬಂದ್ ಮಾಡಿ. ಬಿಲ್ಲು ಕೈಗೆಟುಕುತ್ತದೆ.

ಕಡಲತಡಿ

ಮಾರಾಯ್ರೇ, ಅದೇ ಹಗಲು ಹಾಕಿ ರಾತ್ರಿ ಬಂದ್ ಮಾಡುವ ಕ್ರಮ ಉಂಟಲ್ಲ, ನಮ್ಮ ಕಡೆ ಒಂದು ಸಂಗ್ರಹಾಲಯದಲ್ಲಿ ಅದರಿಂದಲೇ ಪೆಟ್ಟು ಬಿದ್ದದ್ದು. ಬೆಳಿಗ್ಗೆ ಬಾಗಿಲು ತೆಗೆದರೆ ಶೋಕೇಸಿನ ಗಾಜಿನ ಮೇಲೆ ನೀರು ಕೂತಿರುತ್ತಿತ್ತು. ಎಸಿ ಬರುವ ಮುಂಚೆ ಅಲ್ಲಿ ಬೂಷ್ಟು ಇರಲಿಲ್ಲ ಅಂತ ಅಲ್ಲ, ಇತ್ತು. ಆದರೆ ಇಷ್ಟು ಇರಲಿಲ್ಲ.

ಓಲೆಗರಿ

ನಾನು ಹಸ್ತಪ್ರತಿ ಸಂರಕ್ಷಣೆಯ ಕೆಲಸದಲ್ಲಿರುವವಳು. ಕಡಲತಡಿಯವರು ಹೇಳಿದ್ದು ಕಾಕತಾಳೀಯವಲ್ಲ, ಲೆಕ್ಕ ಹಾಕಿದರೆ ಹಾಗೇ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೀಟರು ತೋರಿಸುವುದು ಸಾಪೇಕ್ಷ ಆರ್ದ್ರತೆ. ಅಂದರೆ ಆ ಉಷ್ಣಾಂಶದಲ್ಲಿ ಗಾಳಿ ಎಷ್ಟು ನೀರಿನಾವಿ ಹಿಡಿದುಕೊಳ್ಳಬಲ್ಲದೋ ಅದರಲ್ಲಿ ಈಗ ಶೇಕಡಾ ಎಷ್ಟು ಇದೆ ಎಂಬ ಲೆಕ್ಕ. ಗಾಳಿ ತಣ್ಣಗಾದಷ್ಟೂ ಅದು ಹಿಡಿಯುವ ಆವಿ ಕಡಿಮೆ. 30 ಡಿಗ್ರಿಯಲ್ಲಿ ಶೇ. 70 ಇರುವ ಗಾಳಿಯನ್ನು ನೀರು ತೆಗೆಯದೆ ಬರೀ 25 ಡಿಗ್ರಿಗೆ ಇಳಿಸಿದರೆ ಅದೇ ಗಾಳಿ ಶೇ. 94ಕ್ಕೆ ಹೋಗುತ್ತದೆ. 24ರ ಹತ್ತಿರ ಬಂದರೆ ಇಬ್ಬನಿ ಬಿಂದು ಮುಟ್ಟಿತು, ನೀರು ಕೂರುತ್ತದೆ.

ಎಸಿ ನೀರನ್ನೂ ತೆಗೆಯುತ್ತದಲ್ಲ ಎಂದು ಕೇಳುತ್ತೀರಿ. ತೆಗೆಯುತ್ತದೆ, ಆದರೆ ಅದರ ಕಂಪ್ರೆಸರ್ ಕೇಳುವುದು ಉಷ್ಣಾಂಶದ ಮಾತನ್ನು, ಆರ್ದ್ರತೆಯ ಮಾತನ್ನಲ್ಲ. ಮಲೆನಾಡಿನ ಜುಲೈನಲ್ಲಿ ಹೊರಗೇ 22–23 ಡಿಗ್ರಿ ಇರುತ್ತದೆ. ನೀವು 24ಕ್ಕೆ ಇಟ್ಟ ಎಸಿಗೆ ಮಾಡಲು ಕೆಲಸವೇ ಇಲ್ಲ, ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗುತ್ತದೆ. ಕಾಯಿಲ್ ಮೇಲಿದ್ದ ಹನಿಯೂ ಮತ್ತೆ ಆವಿಯಾಗಿ ಕೋಣೆಗೇ ವಾಪಸು. ಅಂದರೆ ನಿಮಗೆ ತೀರಾ ಬೇಕಾದ ತಿಂಗಳುಗಳಲ್ಲಿ ಅದು ಕೈಕೊಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡುತ್ತದೆ. ಆಗ ಹಗಲಿಡೀ ತಣ್ಣಗಾದ ವಸ್ತುಗಳಿಗೆ, ಸಂಜೆ ಎಸಿ ನಿಂತ ಮೇಲೆ ಹೊರಗಿನ ಬೆಚ್ಚನೆಯ ತೇವದ ಗಾಳಿ ಬಂದು ತಾಗುತ್ತದೆ. ಇದು ದಿನಕ್ಕೊಮ್ಮೆ, ಪ್ರತಿದಿನ.

ಬೂಷ್ಟಿನ ಲೆಕ್ಕ ಹೀಗೆ: ಶೇ. 65ರ ಕೆಳಗೆ ಸಾಮಾನ್ಯವಾಗಿ ಏಳುವುದಿಲ್ಲ. 75ರಲ್ಲಿ ವಾರಗಟ್ಟಲೆ ಹಿಡಿಯುತ್ತದೆ. 85 ದಾಟಿ ಗಾಳಿ ನಿಂತಿದ್ದರೆ ಕೆಲವೇ ದಿನ ಸಾಕು. ಹಾಗಾಗಿ ನಿಮ್ಮ ಗುರಿ "ತಂಪು" ಅಲ್ಲ, "65ರ ಆಸುಪಾಸು, ಮತ್ತು ನಿಧಾನ ಬದಲಾವಣೆ". ಈ ಎರಡಕ್ಕೂ ಆರು ಎಸಿ ಉತ್ತರವಲ್ಲ.

ತೊಟ್ಟಿಮನೆ

ಹಾಗಾದರೆ ಮಳೆಗಾಲದಲ್ಲಿ ಕೋಣೆಯನ್ನು ಬಿಸಿ ಮಾಡಬೇಕು ಅಂತಲೇ ಮೇಡಂ? ಸಮಿತಿಯಲ್ಲಿ ಇದನ್ನು ಹೇಳಿದರೆ ನನ್ನನ್ನೇ ಹೊರಗೆ ಹಾಕುತ್ತಾರೆ.

ಲೀಡ್ಸ್ ಕನ್ನಡಿಗ

ನಗಬೇಡಿ, ಇಲ್ಲಿ ಮಾಡುವುದು ಅದನ್ನೇ. ನಾನು ಇಂಗ್ಲೆಂಡಿನ ಒಂದು ಹಳೇ ಬಂಗಲೆಯಲ್ಲಿ ವಾರಾಂತ್ಯದ ಸ್ವಯಂಸೇವಕ. ನ್ಯಾಷನಲ್ ಟ್ರಸ್ಟಿನವರು ತಮ್ಮ ಐತಿಹಾಸಿಕ ಮನೆಗಳಲ್ಲಿ ಅನುಸರಿಸುವ ಪದ್ಧತಿಗೆ "ಕನ್ಸರ್ವೇಶನ್ ಹೀಟಿಂಗ್" ಅನ್ನುತ್ತಾರೆ. ಹೀಟರಿಗೆ ಥರ್ಮೋಸ್ಟಾಟ್ ಬದಲು ಹ್ಯೂಮಿಡಿಸ್ಟಾಟ್ ಜೋಡಿಸಿರುತ್ತಾರೆ. ಆರ್ದ್ರತೆ ಏರಿದರೆ ಹೀಟರ್ ಹತ್ತುತ್ತದೆ, ಇಳಿದರೆ ಆರುತ್ತದೆ. ಜನರಿಗೆ ಚಳಿಯೋ ಸೆಕೆಯೋ ಅನ್ನುವುದು ಅದಕ್ಕೆ ಸಂಬಂಧವಿಲ್ಲ. ಚಳಿಗಾಲದಲ್ಲಿ ನಾವು ಕೋಟು ಹಾಕಿಕೊಂಡೇ ಒಳಗೆ ನಿಲ್ಲುವುದು!

ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ 22 ಡಿಗ್ರಿ, ಶೇ. 90 ಇರುವ ಗಾಳಿಯನ್ನು 26 ಡಿಗ್ರಿಗೆ ಏರಿಸಿದರೆ ಸುಮಾರು ಶೇ. 71ಕ್ಕೆ ಬರುತ್ತದೆ. ನಾಲ್ಕೇ ಡಿಗ್ರಿ.

ಇನ್ನೊಂದು ಕಥೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನಿಂದ ಉಳಿಸಲು 1941ರಲ್ಲಿ ವೇಲ್ಸ್‌ನ ಮಾನೋಡ್ ಎಂಬ ಸ್ಲೇಟು ಕಲ್ಲಿನ ಗಣಿಯೊಳಗೆ ಇಟ್ಟರು. ಗುಹೆಯೊಳಗೆ ಇಟ್ಟಿಗೆಯ ಮನೆಗಳನ್ನು ಕಟ್ಟಿ, ತುಸು ಬಿಸಿ ಮಾಡಿ, 17 ಡಿಗ್ರಿ, ಶೇ. 42ರಲ್ಲಿ ಸ್ಥಿರವಾಗಿ ಇಟ್ಟರು. ಬಣ್ಣ ಏಳುವ ತೊಂದರೆ ಅಲ್ಲಿ ಬಹುತೇಕ ನಿಂತೇಹೋಯಿತು. ಯುದ್ಧ ಮುಗಿದು 1945ರಲ್ಲಿ ಲಂಡನ್ನಿಗೆ ತಂದದ್ದೇ ತಡ, ಮತ್ತೆ ಶುರು. ಸ್ಥಿರತೆಯ ಬೆಲೆ ಎಲ್ಲರಿಗೂ ಗೊತ್ತಾದದ್ದು ಆಗ. ಆದರೆ ಆ ಪಾಠ ಮುಂದೆ "ಎಲ್ಲೆಡೆ ಶೇ. 50, ಐದು ಹೆಚ್ಚು ಕಡಿಮೆ" ಎಂಬ ಕಟ್ಟುನಿಟ್ಟಾಗಿ ಬೆಳೆದು, ಅದನ್ನು ಪಾಲಿಸಲು ಇಡೀ ಕಟ್ಟಡಗಳಿಗೆ ಯಂತ್ರ ತುಂಬಿದರು.

ನಿವೃತ್ತ ಎಲೆಕ್ಟ್ರಿಕಲ್

ಕಟ್ಟುನಿಟ್ಟು ಇದೆಯಲ್ಲ ಸ್ವಾಮಿ, ಅದಕ್ಕೇ ಹೇಳಿದ್ದು. ನಾಳೆ ಇವರು ಯಾವುದಾದರೂ ದೊಡ್ಡ ಸಂಗ್ರಹಾಲಯದಿಂದ ಎರಡು ಚಿತ್ರ ಎರವಲು ಕೇಳಿದರೆ "ನಿಮ್ಮಲ್ಲಿ ಎಸಿ ಇದೆಯೇ" ಅಂತಲೇ ಮೊದಲ ಪ್ರಶ್ನೆ.

ಓಲೆಗರಿ

ಈಗ ಅಷ್ಟು ಬಿಗಿ ಇಲ್ಲ ಸರ್. ಜಗತ್ತಿನ ದೊಡ್ಡ ಸಂಗ್ರಹಾಲಯಗಳ ನಿರ್ದೇಶಕರ ಬೀಜೋ ಗುಂಪು ತನ್ನ ಹಸಿರು ನಿಯಮಾವಳಿಯಲ್ಲಿ ಮರ, ಕಾಗದ, ಬಟ್ಟೆಯಂಥ ವಸ್ತುಗಳಿಗೆ ಶೇ. 40ರಿಂದ 60, ಉಷ್ಣಾಂಶ 16ರಿಂದ 25 ಡಿಗ್ರಿ, ದಿನಕ್ಕೆ ಶೇ. 10ರಷ್ಟು ಏರಿಳಿತ ನಡೆಯುತ್ತದೆ ಎಂದು ಒಪ್ಪಿದೆ. 2014ರಲ್ಲಿ ಸಂರಕ್ಷಕರ ಅಂತಾರಾಷ್ಟ್ರೀಯ ಸಂಘಟನೆಗಳಾದ ಐಐಸಿ ಮತ್ತು ಐಕಾಮ್-ಸಿಸಿ ಕೂಡ ಸ್ಥಳೀಯ ಹವೆಯನ್ನು ಗಮನದಲ್ಲಿಡಬೇಕು, ಸರಳ ಉಪಾಯಗಳನ್ನು ಮೊದಲು ನೋಡಬೇಕು ಎಂದು ಜಂಟಿಯಾಗಿ ಹೇಳಿದವು.

ನಮ್ಮ ಹವೆಗೆ ಈ 40–60 ಕೂಡ ಪರದೇಶದ್ದೇ, ಒಪ್ಪುತ್ತೇನೆ. ಅದಕ್ಕೆ ನನಗೆ ಹೆಚ್ಚು ಹಿಡಿಸುವುದು ಕೆನಡಾದ ಸಂರಕ್ಷಣಾ ವಿಜ್ಞಾನಿ ಸ್ಟೀಫನ್ ಮಿಖಾಲ್ಸ್ಕಿ ಅವರ ವಾದ. ಒಂದು ಮರದ ವಸ್ತು ತನ್ನ ಜೀವಮಾನದಲ್ಲಿ ಕಂಡ ಅತಿ ದೊಡ್ಡ ಏರಿಳಿತಕ್ಕೆ ಎಷ್ಟು ಬಿರಿಯಬೇಕೋ ಅಷ್ಟು ಆಗಲೇ ಬಿರಿದಿರುತ್ತದೆ. ಅದಕ್ಕಿಂತ ದೊಡ್ಡ ಏರಿಳಿತ ತಂದರೆ ಮಾತ್ರ ಹೊಸ ಬಿರುಕು. 2010ರ ಯುರೋಪಿನ ಮಾನದಂಡವೂ ವಸ್ತುವಿನ ಹಿಂದಿನ ಹವೆಯನ್ನೇ ಆಧಾರ ಮಾಡಿಕೊಂಡಿದೆ. ನಿಮ್ಮ ಪತ್ತಾಯ ನೂರು ಮಳೆಗಾಲ ಕಂಡದ್ದು. ಅದನ್ನು ಏಕಾಏಕಿ ಶೇ. 45ಕ್ಕೆ ತಂದು ನಿಲ್ಲಿಸಿದರೆ ಅದು "ಸುರಕ್ಷಿತ ಮಟ್ಟ"ದಲ್ಲೇ ಸೀಳುತ್ತದೆ. ಆದರೆ ಹೀಗೆ ಹಳೇ ಹವೆಗೆ ಹೊಂದಿಕೊಂಡದ್ದು ತಪ್ಪಿಸುವುದು ಬಿರುಕನ್ನು ಮಾತ್ರ. ಬೂಷ್ಟಿಗೆ ಆ ರಿಯಾಯಿತಿ ಇಲ್ಲ, ಅದು ಪ್ರತಿ ಮಳೆಗಾಲವೂ ಹೊಸದಾಗಿಯೇ ಬರುತ್ತದೆ.

ಮಾಳಿಗೆಮನಿ

ನಮ್ ಕಡೆ ಇದರ ಉಲ್ಟಾ ಐತ್ರಿ. ಧಾರವಾಡದಿಂದ ಮ್ಯಾಲ, ವಿಜಯಪುರದ ಕಡೆ ಹೋದ್ರಂತೂ ಏಪ್ರಿಲ್ ತಿಂಗಳಾಗ ಗಾಳಿ ಹಪ್ಪಳಧಂಗ ಒಣಗಿರತೈತಿ. ಒಂದ್ ಹಳೇ ವಾಡೇದಾಗ ಎಸಿ ಹಚ್ಚಿದ್ರು, ಬ್ಯಾಸಗ್ಯಾಗ ಗಾಳ್ಯಾಗಿದ್ದ ಇಷ್ಟ ತೇವಾನೂ ಎಸಿ ಕುಡದ ಬಿಡ್ತು. ಬಾಗಲಾ, ಪೆಟಗಿ ಎಲ್ಲಾ ಚಟಚಟ ಅಂತ ಸೀಳಿದ್ವು. ಮಣ್ಣಿನ ಮಾಳಿಗಿ, ಎರಡ ಮೊಳದ ಗ್ವಾಡಿ ಇದ್ದಲ್ಲೆ ಒಳಗ ತಂಪ ತಾನ ಇರತೈತ್ರಿ. ಮುಂಜಾನೆ ಒಂಬತ್ತಕ್ಕ ಕಿಟಕಿ ಹಾಕಿ ರಾತ್ರಿ ತಗದ್ರ ಸಾಕು. ಲಾವಂಚದ ತಟ್ಟಿ ಕಟ್ಟಿ ನೀರ ಹೊಡಿಯೂದು ನಮಗ ನಡೀತೈತಿ, ನಿಮಗ ಬ್ಯಾಡ್ರಿ ಮತ್ತ, ನಿಮಗ ಮೊದಲ ನೀರು ಹೆಚ್ಚಾಗೇತಿ.

ಗಾರೆಕೆಲಸ

ಎಲ್ಲರೂ ಗಾಳಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಹಳೇ ಮನೆ ರಿಪೇರಿ ಮಾಡುವವನು, ನನಗೆ ಮೊದಲು ಕಾಣುವುದು ಗೋಡೆ. ತೊಟ್ಟಿಮನೆ ಸರ್, ನಾಲ್ಕು ಪ್ರಶ್ನೆ. ಗೋಡೆಯ ಕೆಳಭಾಗಕ್ಕೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದಾರೆಯೇ? ಒಳಗೆ ಸುಣ್ಣ ತೆಗೆದು ಪ್ಲಾಸ್ಟಿಕ್ ಎಮಲ್ಷನ್ ಹೊಡೆದಿದ್ದಾರೆಯೇ? ಸೂರಿನ ನೀರು ಹರಿಯುವ ದೋಣಿ ಕಡೆಯ ಸಲ ತೆಗೆದು ತೊಳೆದದ್ದು ಯಾವಾಗ? ಮನೆ ಸುತ್ತ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆಯೇ?

ತೊಟ್ಟಿಮನೆ

ಹೌದು, ಹೌದು, ಗೊತ್ತಿಲ್ಲ, ಹೌದು. ಟ್ರಸ್ಟಿಗೆ ಬರುವ ಮುಂಚೆ ಒಂದು "ನವೀಕರಣ" ಆಗಿತ್ತು.

ಗಾರೆಕೆಲಸ

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮಣ್ಣಿನ ಗೋಡೆ, ಸುಣ್ಣದ ಗಾರೆ ತೇವ ಹೀರುತ್ತವೆ, ಬಿಸಿಲು ಬಂದಾಗ ಬಿಡುತ್ತವೆ. ಸಿಮೆಂಟು ಬಳಿದರೆ ನೆಲದಿಂದ ಏರಿದ ನೀರು ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲೆ ಏರುತ್ತದೆ, ಸಿಮೆಂಟು ಮುಗಿದ ಕಡೆ ಉಪ್ಪು ಬಿಡುತ್ತದೆ. ಅಂಗಳಕ್ಕೆ ಕಲ್ಲು ಹಾಸಿದ್ದರಿಂದ ಸೂರಿನ ನೀರು ಬಿದ್ದು ಗೋಡೆಯ ಬುಡಕ್ಕೇ ಸಿಡಿಯುತ್ತದೆ. ಈ ಗೋಡೆಗಳು ಇಡೀ ಮಳೆಗಾಲ ಕೋಣೆಯೊಳಕ್ಕೆ ಆವಿ ಬಿಡುತ್ತಲೇ ಇರುತ್ತವೆ. ನೀವು ಒಳಗೆ ಯಾವ ಯಂತ್ರ ಇಟ್ಟರೂ ಅದು ನೆಲದ ನೀರನ್ನು ಎತ್ತುವ ಪಂಪಾಗುತ್ತದೆ, ಅಷ್ಟೇ.

ಮೊದಲು ಹೆಂಚು ಕೈಯಾಡಿಸಿ, ದೋಣಿ ಶುಚಿ ಮಾಡಿಸಿ, ಗೋಡೆಯ ಬುಡದಿಂದ ಎರಡು ಮೂರು ಅಡಿ ಕಲ್ಲುಹಾಸು ಕಿತ್ತು ಚರಂಡಿ ಕೊಡಿ. ಒಳಗಿನ ಸಿಮೆಂಟನ್ನು ಬೇಸಿಗೆಯಲ್ಲಿ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿ. ಚಿತ್ರಗಳನ್ನು ಹೊರಗೋಡೆಯಿಂದ ಇಳಿಸಿ ಒಳಗೋಡೆಗೆ ಹಾಕಿ. ಹೊರಗೋಡೆಗೇ ಹಾಕಬೇಕೆಂದರೆ ಹಿಂದೆ ಬೆಂಡು ತುಂಡು ಕೊಟ್ಟು ಒಂದು ಇಂಚು ಗಾಳಿ ಆಡಲು ಬಿಡಿ. ನಿಮ್ಮ ಬೂಷ್ಟು ಹಿಂಬದಿಯಲ್ಲೇ ಏಕೆ ಬಂತೆಂದರೆ ತಣ್ಣನೆ ಗೋಡೆ, ನಿಂತ ಗಾಳಿ, ಅದಕ್ಕೆ.

ಬೆಳಕಿಗೂ ಇದೇ ಮಾತು, ಹೊರಗೇ ತಡೆಯಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಲ್ಲ, 1784ರ ಅರಮನೆ. ಭಿತ್ತಿಚಿತ್ರಕ್ಕೆ ಬಿಸಿಲು ತಾಗದ ಹಾಗೆ ಹೊರಗಿನ ಕಂಬಗಳ ನಡುವೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಎಸಿಯಿಂದ ಓಡಿಸುವುದಕ್ಕಿಂತ ಅಗ್ಗ.

ಓಲೆಗರಿ

ಗಾರೆಕೆಲಸದವರಿಗೆ ಕೈ ಮುಗಿದೆ. ಅದರ ಜೊತೆ ದಿನನಿತ್ಯದ ನೀರು: ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಮಳೆಗಾಲದಲ್ಲಿ ನಿಲ್ಲಿಸಿ, ಒಣ ಬಟ್ಟೆ ಸಾಕು. ಕೊಡೆ, ರೇನ್‌ಕೋಟು ಜಗಲಿಯಲ್ಲೇ ಬಿಡಿಸಿ. ಶಾಲಾ ಮಕ್ಕಳ ಒಂದು ಬಸ್ಸು ಒದ್ದೆಯಾಗಿ ಒಳಗೆ ಬಂದರೆ ಮೀಟರು ಏರುವುದನ್ನು ಕಣ್ಣಾರೆ ನೋಡಬಹುದು.

ನಿವೃತ್ತ ಎಲೆಕ್ಟ್ರಿಕಲ್

ಸರಿ, ಬಿಲ್ಲಿನ ಲೆಕ್ಕ ನಾನೇ ಹಾಕಿದೆ. ಒಂದೂವರೆ ಟನ್ನಿನ ಎಸಿ ಸರಾಸರಿ ಗಂಟೆಗೆ 1.2 ಯೂನಿಟ್ ತಿನ್ನುತ್ತದೆ ಅಂದುಕೊಳ್ಳಿ. ಆರು ಎಸಿ ದಿನವಿಡೀ ಓಡಿದರೆ 172 ಯೂನಿಟ್ ಮೇಲೆ, ತಿಂಗಳಿಗೆ 5,000 ಯೂನಿಟ್ ದಾಟುತ್ತದೆ. ಹಗಲು ಎಂಟು ಗಂಟೆ ಮಾತ್ರ ಆದರೆ 1,700ರ ಸುಮಾರು, ಆದರೆ ಮೇಡಂ ಹೇಳಿದ ಹಾಗೆ ಅದು ಹಣ ಕೊಟ್ಟು ತೊಂದರೆ ಕೊಳ್ಳುವುದು. ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ 500 ವ್ಯಾಟಿನ ಒಂದು ಡೀಹ್ಯೂಮಿಡಿಫೈಯರ್, ಅರ್ಧ ಹೊತ್ತು ಓಡಿದರೆ ದಿನಕ್ಕೆ ಆರು ಯೂನಿಟ್, ತಿಂಗಳಿಗೆ 180. ಅದೂ ಮಳೆಗಾಲಕ್ಕಷ್ಟೇ. ಅದು ಬಿಡುವ ಬಿಸಿಯೂ ಕೋಣೆಗೇ ಬರುವುದರಿಂದ ನಿಮಗೆ ಎರಡು ಲಾಭ: ನೀರೂ ಇಳಿಯಿತು, ಕೋಣೆಯೂ ತುಸು ಬೆಚ್ಚಗಾಯಿತು. ಎರವಲಿನ ಮಾತನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ, ಆದರೆ ತೆರೆದ ತೊಟ್ಟಿ ಇರುವ ಮನೆಗೆ ಎಸಿ ಬೇಡ.

ಲೆಕ್ಕಕ್ಕಿಂತ ದೊಡ್ಡ ವಿಷಯ ವೈರಿಂಗ್. ರಿಯೋ ಡಿ ಜನೈರೋದ ಬ್ರೆಜಿಲ್ ರಾಷ್ಟ್ರೀಯ ಸಂಗ್ರಹಾಲಯ ಹಳೇ ಅರಮನೆಯಲ್ಲಿತ್ತು. 1818ರಲ್ಲಿ ಸ್ಥಾಪನೆಯಾದದ್ದು, ಇನ್ನೂರು ತುಂಬಿದ ವರ್ಷವೇ, 2018ರ ಸೆಪ್ಟೆಂಬರ್ 2ರ ರಾತ್ರಿ ಸುಟ್ಟುಹೋಯಿತು. ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹ, ಬಹುಪಾಲು ಬೂದಿ. ಅಲ್ಲಿನ ಫೆಡರಲ್ ಪೊಲೀಸರು ಮರುವರ್ಷ ಹೇಳಿದ್ದೇನೆಂದರೆ ಬೆಂಕಿ ಹುಟ್ಟಿದ್ದು ಸಭಾಂಗಣದ ಎಸಿಯಲ್ಲಿ. ಅರ್ಥಿಂಗ್ ಇರಲಿಲ್ಲ, ಪ್ರತಿ ಎಸಿಗೆ ಬೇರೆ ಬೇರೆ ಬ್ರೇಕರ್ ಇರಲಿಲ್ಲ. ನಿಮ್ಮ ಮನೆಯಲ್ಲಿ ಮರದ ಪಟ್ಟಿಯ ಮೇಲೆ ಓಡುವ ಹಳೇ ವೈರ್ ಇದ್ದರೆ ಎಸಿ ಬರಲಿ ಬಿಡಲಿ, ಮೊದಲ ದುಡ್ಡು ಅದಕ್ಕೆ.

ಕಡಲತಡಿ

ಎಸಿಯ ನೀರಿನ ಪೈಪು ಕಟ್ಟಿಕೊಂಡು ಗೋಡೆಯಲ್ಲಿ ನೀರಿಳಿಯುವುದನ್ನೂ ಸೇರಿಸಿ. ಅದರ ಕೆಳಗೇ ಯಾವಾಗಲೂ ಚಿತ್ರ ಇರುವುದು, ಎಂಥ ಯೋಗವೋ.

ತೊಟ್ಟಿಮನೆ

ತೆರೆದ ತೊಟ್ಟಿ ಇದ್ದಲ್ಲಿ ಡೀಹ್ಯೂಮಿಡಿಫೈಯರ್ ಇಟ್ಟರೆ ಊರ ಗಾಳಿಯನ್ನೆಲ್ಲ ಒಣಗಿಸಿದ ಹಾಗಲ್ಲವೇ?

ಓಲೆಗರಿ

ಹೌದು. ಅದಕ್ಕೇ ನನ್ನ ಸಲಹೆ, ಮನೆಗೆ ಹವೆ ಕೊಡಬೇಡಿ, ಪೆಟ್ಟಿಗೆಗೆ ಕೊಡಿ. ಪತ್ತಾಯ, ತೊಟ್ಟಿಲು, ಅಳತೆ ಪಾತ್ರೆ ಪಡಸಾಲೆಯಲ್ಲಿ ಇರಲಿ, ಅವು ಆ ಮನೆಯ ಗಾಳಿಗೆ ಹೊಂದಿಕೊಂಡವು. ಮೇಲೆ ಫ್ಯಾನ್ ನಿಧಾನಕ್ಕೆ ತಿರುಗಲಿ. ಫ್ಯಾನಿನಿಂದ ಆರ್ದ್ರತೆ ಇಳಿಯುವುದಿಲ್ಲ, ಆದರೆ ಮೂಲೆಯಲ್ಲಿ ಗಾಳಿ ಹೆಪ್ಪುಗಟ್ಟುವುದು ತಪ್ಪುತ್ತದೆ.

ತಾಳೆಗರಿ, ಕಡತ, ಚಿತ್ರಗಳಿಗೆ ಒಂದು ಒಳಕೋಣೆ ಆರಿಸಿ. ಹಳೇ ಮನೆಯಲ್ಲಿ ದೇವರ ಕೋಣೆಗೆ ಹೊಂದಿಕೊಂಡು ಒಂದು ಕತ್ತಲೆ ಕೋಣೆ ಇರುತ್ತದಲ್ಲ, ಹೊರಗೋಡೆ ಇಲ್ಲದ್ದು, ಅದು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಒಂದೇ ಡೀಹ್ಯೂಮಿಡಿಫೈಯರ್, ಹ್ಯೂಮಿಡಿಸ್ಟಾಟ್ ಶೇ. 62–65ಕ್ಕೆ. ಅದಕ್ಕಿಂತ ಇಳಿಸಬೇಡಿ. ಮೈಸೂರು ಚಿತ್ರದಲ್ಲಿ ಮಕ್ಕಿ ಸಫೇದ ಎಂಬ ಲೇಪದ ಉಬ್ಬು ಕೆಲಸ ಇದೆ. ಅದರ ಕೆಳಗಿನ ಕಾಗದ, ಹಲಗೆ ಕುಗ್ಗಿದರೆ ಮೇಲಿನ ಚಿನ್ನದ ಹಾಳೆ ಸಮೇತ ಏಳುತ್ತದೆ. ಕಡತಕ್ಕೆ ಬಳಿದದ್ದು ಹುಣಿಸೆ ಬೀಜದ ಅಂಟು ಮತ್ತು ಇದ್ದಿಲು. ಅಂಟು ಅಂದರೆ ಬೂಷ್ಟಿಗೆ ಊಟ. ಈಗ ಅಂಟಿಕೊಂಡಿರುವ ಮಡಿಕೆಗಳನ್ನು ದಯವಿಟ್ಟು ನೀವೇ ಬಿಡಿಸಲು ಹೋಗಬೇಡಿ.

ಕಂಚು ಇವುಗಳ ಜೊತೆ ಬೇಡ. ಅದಕ್ಕೆ ಇನ್ನೂ ಒಣ ಹವೆ ಬೇಕು. ಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ ಕಾಯಿಲೆ, ಶೇ. 40ರ ಕೆಳಗೆ ಇಟ್ಟರೆ ನಿಲ್ಲುತ್ತದೆ. ಬಿಗಿಯಾದ ಗಾಜಿನ ಪೆಟ್ಟಿಗೆ, ಕೆಳಗೆ ಗುಪ್ತ ಅರೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್. ಒಂದು ಘನ ಮೀಟರಿಗೆ 20 ಕಿಲೋ ಅನ್ನುವುದು ಹಳೆಯ ಲೆಕ್ಕ. ಚಾಕಲೇಟು ಡಬ್ಬದಲ್ಲಿ ಬರುವ ಪೊಟ್ಟಣ ನಾಲ್ಕು ಹಾಕಿ ಕೂತರೆ ಏನೂ ಆಗದು. ಪೆಟ್ಟಿಗೆ ಸೋರುತ್ತಿದ್ದರೆ ಎಷ್ಟು ಹಾಕಿದರೂ ದಂಡ, ಆದ್ದರಿಂದ ಬಡಗಿಗೆ ಕೊಡುವ ದುಡ್ಡಿನಲ್ಲಿ ಜಿಪುಣತನ ಬೇಡ.

ಸಲಹೆಗೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಸಂಶೋಧನಾ ಸಂಸ್ಥೆ ಎನ್‌ಆರ್‌ಎಲ್‌ಸಿಯ ಪ್ರಾದೇಶಿಕ ಪ್ರಯೋಗಾಲಯ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರ ಇದೆ. ಕಡತಕ್ಕಂತೂ ಕೇಳಲೇಬೇಕು.

ನೆಗೆಟಿವ್ ಡಬ್ಬ

ಇಷ್ಟು ಹೊತ್ತು ಎಸಿಯನ್ನು ಬೈಯುವುದನ್ನೇ ಓದಿದೆ. ಫೋಟೋದವರ ಕಡೆಯಿಂದ ಒಂದು ತಕರಾರು. ಆರ್ದ್ರತೆ ಒಂದೇ ಶತ್ರು ಅಲ್ಲ, ಬಿಸಿಯೂ ಶತ್ರು. ಉಷ್ಣಾಂಶ ಐದು ಡಿಗ್ರಿ ಇಳಿದರೆ ರಾಸಾಯನಿಕ ಸವೆತ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ. ನೆಗೆಟಿವ್ ಡಬ್ಬದ ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲಂ ಕೊಳೆಯುತ್ತಿದೆ ಎಂದರ್ಥ. ಒಂದು ಕೊಳೆತರೆ ಆ ಆಮ್ಲದ ಆವಿ ಪಕ್ಕದ್ದನ್ನೂ ಹಿಡಿಯುತ್ತದೆ. "ಬೆಚ್ಚಗಿಡಿ" ಎಂಬ ಉಪದೇಶ ಇವಕ್ಕೆ ವಿಷ.

ಓಲೆಗರಿ

ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೂ ಕೋಣೆ ಬೇಡ, ಫ್ರಿಜ್ ಸಾಕಲ್ಲವೇ?

ನೆಗೆಟಿವ್ ಡಬ್ಬ

ಸಾಕು. ಫ್ರಾಸ್ಟ್-ಫ್ರೀ ಫ್ರಿಜ್, ಬೇರೇನೂ ಇಡಬಾರದು, ಸಮಿತಿಯ ಮಜ್ಜಿಗೆ ಪಾಕೀಟು ಕೂಡ. ನೆಗೆಟಿವನ್ನು ಆಮ್ಲರಹಿತ ಲಕೋಟೆಯಲ್ಲಿ ಹಾಕಿ, ಒಣ ದಿನ ನೋಡಿ ಎರಡು ಜಿಪ್ ಚೀಲದೊಳಗೆ ಮುಚ್ಚಿ. ತೆಗೆಯುವಾಗ ಚೀಲ ಬಿಚ್ಚದೆ ಒಂದು ಇಡೀ ದಿನ ಹೊರಗಿಡಿ, ಇಲ್ಲವಾದರೆ ಫಿಲಂ ಮೇಲೇ ಇಬ್ಬನಿ ಕೂರುತ್ತದೆ. ವಾಸನೆ ಬಂದವನ್ನು ಬೇರೆ ಮಾಡಿ ಮೊದಲು ಸ್ಕ್ಯಾನ್ ಮಾಡಿಸಿ. ಗಾಜಿನ ಪ್ಲೇಟ್ ಇದ್ದರೆ ಫ್ರಿಜ್ ಬೇಡ, ನೆಟ್ಟಗೆ ನಿಲ್ಲಿಸಿ ಒಳಕೋಣೆಯಲ್ಲಿಡಿ.

ಮಾಳಿಗೆಮನಿ

ಹಿಂದಕ ಅಡಗಿ ಮನಿ ಹೊಗಿ ಅಟ್ಟಕ್ಕ ಏರಿ ಒಣಾ ಇಡತಿತ್ತು ನೋಡ್ರಿ. ಒಲಿ ಹೋತು, ಆಮ್ಯಾಲ ಕಪಾಟಿನಾಗ ಝೀರೋ ಬಲ್ಬ್ ಹಚ್ಚತಿದ್ರು. ಎಲ್ಇಡಿ ಬಂದು ಅದೂ ಹೋತು.

ನಿವೃತ್ತ ಎಲೆಕ್ಟ್ರಿಕಲ್

ಕಪಾಟಿನಲ್ಲಿ ಬಲ್ಬಿನ ಉಪಾಯ ಮನೆಯಲ್ಲಿ ಸರಿ, ತಾಳೆಗರಿಯ ಪಕ್ಕ ಬೇಡ. ರಾತ್ರಿ ಯಾರೂ ಇಲ್ಲದ ಕಟ್ಟಡ ಅದು.

ತೊಟ್ಟಿಮನೆ

ಸಮಿತಿ ಸಭೆ ಮುಗಿಯಿತು. ವೈರಿಂಗ್ ಮತ್ತು ದೋಣಿ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಸಿಮೆಂಟ್ ಕೀಳುವುದು ಬರುವ ಬೇಸಿಗೆಗೆ. ದಾನಿಗಳ ಮನೆಗೆ ಹೋಗಿ ಎಸಿ ಬದಲು ಗಾಜಿನ ಪೆಟ್ಟಿಗೆಗಳು, ಒಂದು ಡೀಹ್ಯೂಮಿಡಿಫೈಯರ್, ಒಂದು ಫ್ರಿಜ್ ಕೇಳಿದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಎಸಿ ಇದ್ದರೆ ಬಂದವರಿಗೆ ತಂಪಾಗಿ "ಯಾರು ಕೊಟ್ಟದ್ದು" ಅಂತ ಕೇಳುತ್ತಿದ್ದರು ಎಂದರು. ಪೆಟ್ಟಿಗೆಯ ಮೇಲೆ ಫಲಕ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಎಸಿ ಮೇಲಾದರೆ ಕತ್ತೆತ್ತಿ ನೋಡಬೇಕು ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ.

ಒಂದು ಕೊನೆ ಪ್ರಶ್ನೆ. ಉಷ್ಣಾಂಶ, ಆರ್ದ್ರತೆಯನ್ನು ತಾನೇ ದಾಖಲಿಸುವ ಡೇಟಾ ಲಾಗರ್ ಎಷ್ಟು ಬೇಕು, ಎಲ್ಲಿಡಬೇಕು?

ಓಲೆಗರಿ

ಮೂರು ಸಾಕು: ಒಳಕೋಣೆಗೆ ಒಂದು, ಪಡಸಾಲೆಗೆ ಒಂದು, ಹೊರಗೆ ಜಗಲಿಯ ಸೂರಿನಡಿ ಒಂದು. ಹೊರಗಿನದು ಇಲ್ಲದಿದ್ದರೆ ಒಳಗಿನ ಅಂಕಿಗೆ ಅರ್ಥವೇ ಬರುವುದಿಲ್ಲ, ಕಿಟಕಿ ಯಾವಾಗ ತೆರೆಯಬೇಕು ಎಂದು ಹೇಳುವುದೇ ಅದು. ಗೋಡೆಗೆ ತಾಗಿಸಬೇಡಿ, ದೀಪದ ಕೆಳಗೆ, ಬಾಗಿಲ ಪಕ್ಕ ಬೇಡ. ಅರ್ಧ ಗಂಟೆಗೊಂದು ದಾಖಲೆ, ಒಂದು ವರ್ಷ ಪೂರ್ತಿ. ಡೀಹ್ಯೂಮಿಡಿಫೈಯರ್ ಅದಕ್ಕೆ ಕಾಯಬೇಕಿಲ್ಲ.

ಅದಕ್ಕೂ ಮುಂಚೆ ನಿಮ್ಮ ಈಗಿನ ಮೀಟರನ್ನು ಪರೀಕ್ಷಿಸಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನೀರು ಬೆರೆಸಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಡಿ. ಉಪ್ಪು ಮೀಟರಿಗೆ ತಾಗಬಾರದು. ಒಂದು ದಿನ ಬಿಟ್ಟು ನೋಡಿದರೆ ಶೇ. 75 ತೋರಿಸಬೇಕು.

ತೊಟ್ಟಿಮನೆ

80 ತೋರಿಸುತ್ತಿದೆ.

ಓಲೆಗರಿ

ಹಾಗಾದರೆ ನಿಮ್ಮ 85 ಅಂದರೆ ನಿಜದಲ್ಲಿ 80ರ ಹತ್ತಿರ. ಬೂಷ್ಟಿಗೆ ಅದೂ ಸಾಕು. ಮೀಟರಿನ ಹಿಂದೆ "5 ಕಳೆಯಿರಿ" ಅಂತ ಚೀಟಿ ಅಂಟಿಸಿ. ಬೇಸಿಗೆಯಲ್ಲಿ ಮಾತ್ರ ಆ ಚೀಟಿಯನ್ನು ನಂಬಬೇಡಿ, ಕೆಳಗಿನ ಅಂಕಿಗಳಲ್ಲಿ ವ್ಯತ್ಯಾಸ ಬೇರೆಯೇ ಇರಬಹುದು. ಹೊಸ ಲಾಗರ್ ಬಂದ ಮೇಲೆ ಅವನ್ನೂ ಇದೇ ಚೀಲದಲ್ಲಿ ಹಾಕಿ ನೋಡಿ, ಆಮೇಲೆ ಇಡಿ.